ಉತ್ತರಕ್ಕೆ ತಲೆ

ಆಸ್ಪತ್ರೆ ಸೇರಿದ ಮೇಲೆ ಪಕ್ಕದ ಮಂಚದವರೇ ನೆಂಟರು, ಅಲ್ಲವೇ? ನಮ್ಮ ಚಟ್ನಿಪುಡಿ ಅವರಿಗೂ ಒಂದು ಚಮಚ, ಅವರ ಬಿಸಿನೀರು ನಮಗೂ ಒಂದು ಲೋಟ. ಸಾದಲಿ ಕಡೆಯ, ರೇಷ್ಮೆಹುಳು ಸಾಕುವ ಮನೆಯ ಲಕ್ಷ್ಮೀನರಸಮ್ಮ ಈ ನೆಂಟಸ್ತಿಕೆಯಲ್ಲಿ ಎತ್ತಿದ ಕೈ. ಗಂಡ ಚೆನ್ನರಾಯಪ್ಪನಿಗೆ ನ್ಯುಮೋನಿಯಾ ಆಗಿ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ಸೇರಿಸಿದ್ದೇ ತಡ, ಆಕೆ ಇಡೀ ವಾರ್ಡಿಗೆ ಯಜಮಾನಿಯಾಗಿಬಿಟ್ಟಳು. ಯಾರು ಮಾತ್ರೆ ನುಂಗಲಿಲ್ಲ, ಯಾರು ಗಂಜಿ ಬಿಟ್ಟರು, ಎಲ್ಲದಕ್ಕೂ ಆಕೆಯೇ ಗದರಬೇಕು. ಕೆಟ್ಟ ಮನಸ್ಸಲ್ಲ, ಪಾಪ. ಯಾರಿಗೆ ಏನು ಒಳ್ಳೆಯದು ಎಂದು ಹೇಳಲು ಬರುತ್ತಿತ್ತು. ‘ನಿಮಗೇನು ಬೇಕು’ ಎಂದು ಕೇಳಲು ಮಾತ್ರ ಬರುತ್ತಿರಲಿಲ್ಲ.

ಪಕ್ಕದ ಮಂಚ ಶಿಡ್ಲಘಟ್ಟದ ಪ್ಯಾರೇಜಾನ್ ಸಾಬರದು. ಗೂಡು ಬೇಯಿಸುವ ಹಬೆಯ ಮುಂದೆ ಕೂತು ಜೀವಮಾನವಿಡೀ ರೇಷ್ಮೆ ದಾರ ತೆಗೆದ ಮುದುಕ. ಈಗ ಎದೆಯೇ ಕೈಕೊಟ್ಟಿತ್ತು. ಇನ್ನು ವಾಸಿಯಾಗುವುದಿಲ್ಲ, ನೋವಿಲ್ಲದಂತೆ ನೋಡಿಕೊಳ್ಳೋಣ ಎಂದು ಡಾಕ್ಟರು ಮಗಳು ಖಮರ್‌ಗೆ ಹೇಳಿಯಾಗಿತ್ತು. ಆಮ್ಲಜನಕದ ಮಾಸ್ಕು ತೆಗೆದಾಗ ಸಾಬರು ಲಕ್ಷ್ಮೀನರಸಮ್ಮನ ಜೊತೆ ಒಂದೆರಡು ಮಾತಾಡುತ್ತಿದ್ದರು. “ಸಾದಲಿ ಕಡೆ ಗೂಡು ಅಂದ್ರೆ ಕಣ್ಮುಚ್ಕೊಂಡು ತಗೋತಿದ್ದೆ ಅಮ್ಮಾ. ದಾರ ಎಲ್ಲೂ ತುಂಡಾಗಲ್ಲ,” ಎಂದಿದ್ದರು ಒಮ್ಮೆ. ಅಷ್ಟಕ್ಕೇ ಆಕೆ ಕರಗಿಹೋಗಿದ್ದಳು.

ಒಂದು ಮಧ್ಯಾಹ್ನ ಆಕೆ ಗಂಜಿಪಾತ್ರೆ ತೊಳೆದುಕೊಂಡು ಬಂದಳು. ಸಾಬರ ಮಂಚವನ್ನು ಯಾರೋ ಹಿಂದುಮುಂದು ಮಾಡಿದ್ದರು. ತಲೆ ಉತ್ತರಕ್ಕೆ! ಬಲಮಗ್ಗುಲಾಗಿ, ಪಡುವಣದ ಕಿಟಕಿಯತ್ತ ಮುಖ ಮಾಡಿ ಮಲಗಿದ್ದರು. ಲಕ್ಷ್ಮೀನರಸಮ್ಮನ ಮನೆಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿಸುವುದು ಉಸಿರು ನಿಂತವರನ್ನು ಮಾತ್ರ. ಮಕ್ಕಳು ನಿದ್ದೆಗಣ್ಣಲ್ಲಿ ಆ ಕಡೆ ಹೊರಳಿದರೂ ಎಳೆದು ಸರಿಮಾಡುವ ಹೆಂಗಸು ಆಕೆ.

“ಅಯ್ಯೋ ದೇವುಡಾ! ಉಸಿರಾಡ್ತಿರೋ ಮನುಷ್ಯನ್ನ ಹೆಣದ್ ಥರ ಮಲಗ್ಸಿದಾರಲ್ಲೇ ಚಿಕ್ಕವೆಂಕಟಮ್ಮ! ಬಾ, ಹಿಡಿ, ತಿರುಗ್ಸಣ.”

ನೆಲ ಒರೆಸುತ್ತಿದ್ದ ಆಯಾ ಚಿಕ್ಕವೆಂಕಟಮ್ಮ ಹಿಂದೆಮುಂದೆ ನೋಡಿದಳು. “ಶಿರೀಷಾ ಸಿಸ್ಟರೇ ತಿರುಗ್ಸಿದ್ದು ಕಣಮ್ಮ. ಊಟ ಮುಗ್ಸಿ ಬರ್ಲಿ, ಕೇಳಣ.”

“ಅದ್ರಲ್ಲೇನ್ ಕೇಳೋದು? ಈಗಿನ್ ಹುಡ್ಗೀರಿಗೆ ದಿಕ್ಕು ದೆಸೆ ಏನ್ ಗೊತ್ತು? ಹಿಡಿ ಅಂದ್ರೆ ಹಿಡಿಯೇ.”

ಖಮರ್ ಅಲ್ಲಿರಲಿಲ್ಲ. ಶಿಡ್ಲಘಟ್ಟದಿಂದ ಬರುತ್ತಿದ್ದ ಅಣ್ಣನನ್ನೂ ಮಸೀದಿಯ ಹಜರತ್ತರನ್ನೂ ಕರೆತರಲು ಗೇಟಿಗೆ ಹೋಗಿದ್ದಳು. ಗಾಲಿಯ ಮಂಚ ಗಿರ್ರನೆ ತಿರುಗಿ ಹಳೆಯ ಜಾಗಕ್ಕೆ ಬಂತು. ಸಾಬರು ಕಣ್ಣು ಬಿಟ್ಟರು. ಕೈ ಎತ್ತಿ ಕಿಟಕಿಯತ್ತ ತೋರಿಸಿದರು. ಮಾಸ್ಕಿನೊಳಗೆ ಏನೋ ಅಂದರು.

“ಬಿಸ್ಲು ಕಣ್ಣಿಗೆ ಹೊಡೀತದಾ ಸಾಬ್ರೇ? ಇರಿ ಇರಿ.” ಆಕೆ ಕಿಟಕಿಯ ಪರದೆ ಎಳೆದಳು. ದಿಂಬಿನ ಪಕ್ಕ ಮೊಬೈಲಿನಲ್ಲಿ ಮೆಲ್ಲಗೆ ಕುರಾನಿನ ಓದು ಬರುತ್ತಿತ್ತು. ನಿದ್ದೆ ಕೆಡುತ್ತದೆ ಎಂದು ಅದನ್ನೂ ಆರಿಸಿದಳು. ಕೈ ಇನ್ನೊಮ್ಮೆ ಎದ್ದಿತು. ಅದನ್ನು ಹಿಡಿದು ಹೊದಿಕೆಯೊಳಗೆ ಸೇರಿಸಿ, “ಮಲಕ್ಕಳಿ, ಎಲ್ಲಾ ಸರಿಹೋಯ್ತು,” ಎಂದು ತಟ್ಟಿದಳು. ಮುದುಕನ ಕಣ್ಣಲ್ಲಿ ನೀರು ಇಳಿಯಿತು. ಉಪಕಾರ ನೆನೆದು ಅಳುತ್ತಿದ್ದಾರೆ ಎಂದುಕೊಂಡಳು ನಮ್ಮ ಲಕ್ಷ್ಮೀನರಸಮ್ಮ!

ಖಮರ್ ಬಾಗಿಲಲ್ಲೇ ನಿಂತುಬಿಟ್ಟಳು. “ಅಬ್ಬಾನ ಯಾರು ತಿರುಗ್ಸಿದ್ದು?”

ಸಾಬರ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಅಣ್ಣ ತಂಗಿ ಇಬ್ಬರೂ ಮಂಚಕ್ಕೆ ಕೈ ಹಾಕಿದರು. ಶಿರೀಷಾ ಓಡಿ ಬಂದು ಮಂಚಕ್ಕೆ ಸಿಕ್ಕಿಕೊಂಡ ಆಮ್ಲಜನಕದ ಕೊಳವೆ ಬಿಡಿಸತೊಡಗಿದಳು. ಹಜರತ್ತರು ಬಾಗಿ, ಕೊನೆಯುಸಿರಿನ ಹೊತ್ತಿಗೆ ಕೇಳಿಸುವ ಕಲಿಮಾ ಕಿವಿಯಲ್ಲಿ ಹೇಳಿದರು. ಮಂಚ ಇನ್ನೂ ಅಡ್ಡಡ್ಡ ನಿಂತಿರುವಾಗಲೇ ಉಸಿರು ನಿಂತಿತು. ಮುಖ ಆ ಕಡೆಗೂ ಇರಲಿಲ್ಲ, ಈ ಕಡೆಗೂ ಇರಲಿಲ್ಲ.

“ಬೆಳಿಗ್ಗೆ ಅಬ್ಬಾನೇ ಕೇಳಿದ್ದು,” ಎಂದಳು ಖಮರ್, ಯಾರಿಗೆಂದಿಲ್ಲದೆ. “ನಮಾಜಿಗೆ ನಿಲ್ಲೋ ದಿಕ್ಕು, ಕಿಬ್ಲಾ. ಆ ಕಡೆ ಮುಖ ಮಾಡು ಮಗಳೇ, ಈಚೆಗೆ ತಿರುಗಿಸ್ಬೇಡ ಅಂದಿದ್ರು.”

“ನಾನೇ ಕಣಮ್ಮ... ಒಳ್ಳೇದಕ್ಕೆ ಅಂತ...” ಎಂದಳು ಲಕ್ಷ್ಮೀನರಸಮ್ಮ.

ಖಮರ್ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ನಿಮಗೆ ಗೊತ್ತಿರ್ಲಿಲ್ಲ ಬಿಡಿ ಅಮ್ಮಾ,” ಎಂದಳು. ಆಮೇಲೆ ಎದ್ದು ಹೋಗಿ, ಎಳೆದಿದ್ದ ಪರದೆಯನ್ನು ತಾನೇ ಸರಿಸಿದಳು. ಅದನ್ನು ನೋಡಿ ಲಕ್ಷ್ಮೀನರಸಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸಾಬರ ಕೈ ತೋರಿಸಿದ್ದು ಬಿಸಿಲನ್ನಲ್ಲ.

ಸಾಬರನ್ನು ಊರಿಗೆ ಕರೆದೊಯ್ದ ಮೇಲೆ ಆಕೆ ನಲ್ಲಿಯ ಹತ್ತಿರ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಶಿರೀಷಾ ಹುಡುಕಿಕೊಂಡು ಬಂದಳು. ಚಿಂತಾಮಣಿ ಕಡೆಯ ಹುಡುಗಿ.

“ನಾನ್ ತಿರುಗ್ಸಿದ್ಕೇ ಜೀವ ಹೋಯ್ತೇನಮ್ಮ?”

“ಇಲ್ಲಮ್ಮ. ಅವರ ಹೊತ್ತು ಆಗಿತ್ತು. ಮುಖ ಆ ಕಡೆ ಇಲ್ದಿದ್ರೆ ದೇವರು ಒಪ್ಪಲ್ಲ ಅಂತಾನೂ ಇಲ್ಲ, ಹಜರತ್ತೇ ಹೇಳಿದ್ರು. ಆದ್ರೆ ಅದು ಅವರು ಕೇಳಿದ್ದ ಕೊನೇ ಆಸೆ. ನಾನೂ ನಿಮಗೆಲ್ಲಾ ಒಂದ್ಮಾತು ಹೇಳಿ ಊಟಕ್ಕೆ ಹೋಗ್ಬೇಕಿತ್ತು.”

“ಜೀವ ಹೋಗೋ ಹೊತ್ನಲ್ಲಿ ಮಾತ್ರೆ, ಇಂಜೆಕ್ಷನ್ ಮುಖ್ಯ ಅಲ್ವೇನಮ್ಮ? ದಿಕ್ಕು ಪಕ್ಕು ಎಲ್ಲಾ ಆಮೇಲಲ್ವಾ?”

“ಅಂಗಂದ್ಮೇಲೆ ನೀವ್ಯಾಕಮ್ಮ ದಿಕ್ಕು ನೋಡಿ ತಿರುಗ್ಸಿದ್ದು?”

ಲಕ್ಷ್ಮೀನರಸಮ್ಮ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

“ಮೈಗೆ ಔಷಧಿ ನಾವು ಕೊಡ್ತೀವಿ. ಮನಸ್ಸಿಗೆ ಬೇಕಾದ್ದು ಅವರವರ ನಂಬಿಕೇಲಿ ಇರ್ತದೆ. ಮುಸ್ಲಿಮರಲ್ಲಿ ಕೆಲವರು ಕಿಬ್ಲಾ ಕಡೆ ಮಲಗ್ಸಿ ಅಂತಾರೆ, ಕೆಲವರು ಕುರಾನ್ ಕೇಳ್ಬೇಕು ಅಂತಾರೆ, ನಮಾಜಿಗೆ ಮುಂಚೆ ಕೈಕಾಲು ತೊಳಿಸಿ ಅಂತಾರೆ. ಕ್ರಿಶ್ಚಿಯನ್ನರು ಪಾಸ್ಟರ್‌ನೋ ಫಾದರ್‌ನೋ ಕರೀರಿ ಅಂತಾರೆ, ಬೈಬಲ್ ಓದಿಸ್ತಾರೆ, ರೊಟ್ಟಿ ದ್ರಾಕ್ಷಾರಸದ ಪ್ರಸಾದ ಬೇಕು ಅಂತಾರೆ. ಎಲ್ರೂ ಒಂದೇ ಥರ ಅಲ್ಲ, ಏನೂ ಬೇಡ ಅನ್ನೋರೂ ಇರ್ತಾರೆ. ಅದಕ್ಕೇ ಕೇಳ್ಬೇಕಮ್ಮ.”

ಒಳಗೆ ಬಂದರೆ ಚೆನ್ನರಾಯಪ್ಪ ಎಚ್ಚರವಾಗಿದ್ದ. ವಾರ್ಡಿನಲ್ಲಿ ನಡೆದದ್ದನ್ನೆಲ್ಲ ಮಲಗಿದಲ್ಲೇ ಕೇಳಿಸಿಕೊಂಡಿದ್ದ. “ಹಣ್ಣಾದ ಹುಳ ಬಿದಿರಿನ ಚಂದ್ರಿಕೆ ಮೇಲೆ ಗೂಡು ಕಟ್ಟೋವಾಗ ಯಾರೋ ಹೊರಗಿನೋರು ಬಂದು, ನಿನ್ನ ಕೇಳ್ದೆ ಚಂದ್ರಿಕೆ ತಿರುಗ್ಸಿ ಇಟ್ರೆ ಏನ್ಮಾಡ್ತೀಯೇ?”

“ಪೊರಕೆ ತಗೋತೀನಿ.”

“ಹ್ಞೂಂ,” ಎಂದು ಆತ ಗೋಡೆಯ ಕಡೆ ತಿರುಗಿಕೊಂಡ. ಆಕೆಗೆ ಅನ್ನ ಸೇರಲಿಲ್ಲ.

ಸಾಬರಿದ್ದ ಮಂಚಕ್ಕೆ ಗೌರಿಬಿದನೂರಿನ ಏಸುರತ್ನಂ ಎಂಬ ಟೈಲರ್ ಬಂದರು. ಹೊಟ್ಟೆಯ ಕ್ಯಾನ್ಸರ್ ಮೀರಿಹೋಗಿತ್ತು. ಜೊತೆಗೆ ಹೆಂಡತಿ ಸುಗುಣಮ್ಮ. ಲಕ್ಷ್ಮೀನರಸಮ್ಮ ಆ ಕಡೆ ಸುಳಿಯಲೂ ಹೆದರಿದಳು. ಕೊನೆಗೆ ಸುಗುಣಮ್ಮ ನೀರು ತರಲು ಹೋದಾಗ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ಎಲ್ಲಿ ಏನು ಮುಟ್ಟಿಬಿಡುತ್ತೇನೋ ಎಂಬ ಭಯ.

“ಅಣ್ಣಾ, ನಿಮಗೇನಾದ್ರೂ ಬೇಕಾ?”

ಅವರು ಹೆಂಡತಿ ಹೋದ ಬಾಗಿಲ ಕಡೆ ನೋಡಿದರು. “ನಮ್ಮ ಪಾಸ್ಟರ್ ಅಯ್ಯನೋರ್ನ ನೋಡ್ಬೇಕಮ್ಮ. ಇವಳಿಗೆ ಹೇಳೋಕೆ ಧೈರ್ಯ ಇಲ್ಲ. ಅಳ್ತಾಳೆ.”

ಲಕ್ಷ್ಮೀನರಸಮ್ಮ ಈ ಮಾತು ತಿಳಿಸಿದಾಗ ಸುಗುಣಮ್ಮ ನಿಜಕ್ಕೂ ಅತ್ತಳು. ಸಿಟ್ಟೂ ಮಾಡಿಕೊಂಡಳು. “ಅಯ್ಯನೋರು ಬಂದ್ರೆ ನನ್ ಕಥೆ ಮುಗೀತು ಅಂದ್ಕೊಳಲ್ವಾ ಇವರು? ಇರೋ ಧೈರ್ಯಾನೂ ಹೋಗ್ತದೆ. ನಿಮಗ್ಯಾಕಮ್ಮ ನಮ್ಮ ವಿಷ್ಯ?”

ಮುಂಚಿನ ಲಕ್ಷ್ಮೀನರಸಮ್ಮ ಆಗಿದ್ದರೆ ಒಂದಕ್ಕೆರಡು ತಿರುಗಿ ಕೊಡುತ್ತಿದ್ದಳು. ಈಗ ತಲೆ ಬಗ್ಗಿಸಿ, ಅದೇ ಮಂಚದ ಮೇಲೆ ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದಳು. ಪರದೆ ಎಳೆದದ್ದನ್ನೂ ಹೇಳಿದಳು. “ನಾನೂ ಒಳ್ಳೇದಕ್ಕೇ ಅಂದ್ಕೊಂಡಿದ್ದೆ ಕಣಮ್ಮ. ಕೇಳಿದ್ದನ್ನ ಕೊಡ್ದೆ ಕಳಿಸ್ಬಿಟ್ಟೆ. ನೀನು ನನ್ನಂಗೆ ಮಾಡ್ಕೋಬೇಡ.”

ಸುಗುಣಮ್ಮ ಗಂಡನ ಮುಖ ನೋಡಿದಳು. “ಕರೀಲಾ?” ಎಂದಳು. ಅವರು ಕಣ್ಣು ಮುಚ್ಚಿ ತೆರೆದರು.

ಮಾರನೆಯ ದಿನ ಪಾಸ್ಟರ್ ಬಂದರು. ಶಿರೀಷಾ ಡಾಕ್ಟರನ್ನು ಕೇಳಿ, ನುಂಗಲು ಕಷ್ಟಪಡುವವರಿಗೆ ರೊಟ್ಟಿಯ ಒಂದು ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ತುಟಿಗೆ ಮುಟ್ಟಿಸಬಹುದು ಎಂದಳು. ಮಂಚದ ಸುತ್ತ ಪರದೆ ಬಂತು. ಲಕ್ಷ್ಮೀನರಸಮ್ಮ ವಾರ್ಡಿನ ಟಿ.ವಿ. ಆರಿಸಿ, ಮಾತಾಡುತ್ತಿದ್ದವರಿಗೆ ಸನ್ನೆ ಮಾಡಿ ಹೊರಗೆ ನಿಂತಳು. ಪ್ರಾರ್ಥನೆ ಮುಗಿದ ಮೇಲೆ ಏಸುರತ್ನಂ ಗಂಜಿ ಕೇಳಿದರಂತೆ. ಎಷ್ಟೋ ದಿನದ ಮೇಲೆ ಹೆಂಡತಿಯ ಜೊತೆ ಮನಬಿಚ್ಚಿ ಮಾತಾಡಿದರಂತೆ. ಧೈರ್ಯವೇನೂ ಕಳೆದುಹೋಗಲಿಲ್ಲ. “ಇಷ್ಟು ದಿನ ನಾನೇ ತಡೆದೆ,” ಎಂದು ಸುಗುಣಮ್ಮ ಆಕೆಯ ಕೈ ಹಿಡಿದುಕೊಂಡಳು. ಆ ಕೈ ಹಿಡಿತ ಲಕ್ಷ್ಮೀನರಸಮ್ಮನಿಗೆ ಸಮಾಧಾನ ತರಲಿಲ್ಲ. ಇಷ್ಟು ಸುಲಭವಿತ್ತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಚೆನ್ನರಾಯಪ್ಪ ವಾಸಿಯಾಗಿ ಮನೆಗೆ ಬಂದ. ಮುಂದಿನ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ದಿನ ಲಕ್ಷ್ಮೀನರಸಮ್ಮನೂ ಹೊರಟಳು. ವಿಚಾರಿಸಿಕೊಂಡು ಖಮರ್ ಮನೆಗೆ ಹೋದಳು. ಖಮರ್ ಬಿಸಿನೀರಿನ ಬಾನಿಯ ಮುಂದೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ದಾರ ತೆಗೆಯುತ್ತಿದ್ದಳು.

“ತಪ್ಪಾಯ್ತು ಅಂತ ಹೇಳೋಕೆ ಬಂದೆ ಕಣಮ್ಮ. ಅವತ್ತು ಬಾಯೇ ಬರ್ಲಿಲ್ಲ.”

ಖಮರ್ ಕೈ ಒರೆಸಿಕೊಂಡು ಎದ್ದು ಚಾಪೆ ಹಾಸಿದಳು, ಚಹಾ ತಂದಳು. “ಮಣ್ಣಲ್ಲಿ ಕಿಬ್ಲಾ ಕಡೆಗೇ ಮುಖ ಮಾಡಿ ಮಲಗ್ಸಿದೀವಿ ಅಮ್ಮಾ. ಅದೊಂದು ನೆಮ್ಮದಿ.” ಚಹಾ ಲೋಟ ಕೈಗಿಟ್ಟು ಹೇಳಿದಳು: “ಆದ್ರೆ ಅವರು ಕೇಳಿದ್ದು ಕಣ್ಣು ಬಿಟ್ಟಿರೋವಾಗ್ಲೇ ಆ ಕಡೆ ಮುಖ ಇರ್ಬೇಕು ಅಂತ.”

ಲಕ್ಷ್ಮೀನರಸಮ್ಮ ಆ ಚಹಾ ಕುಡಿದಳು. ಹೇಗೆ ಕುಡಿದಳೋ ಆಕೆಗೇ ಗೊತ್ತು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಪಕ್ಕದ ಮಂಚದಲ್ಲೂ ಯಾರೋ ಇರುತ್ತಾರೆ. ಅವರ ದೇವರು ಬೇರೆ ಇರಬಹುದು, ದಿಕ್ಕು ಬೇರೆ ಇರಬಹುದು. ಮಾತಾಡಲು ಶಕ್ತಿ ಇರುವಾಗಲೇ ಅವರನ್ನು ಕೇಳಿ, ಅವರ ಮನೆಯವರನ್ನು ಕೇಳಿ. ಹಜರತ್ತರನ್ನೋ ಪಾಸ್ಟರನ್ನೋ ಫಾದರನ್ನೋ ಕರೆಯುವುದು ಸಾವನ್ನು ಕರೆಯುವುದಲ್ಲ. ನರ್ಸಿಗೆ ಹೇಳಿ, ಔಷಧಿಗೆ ಅಡ್ಡಿಯಾಗದಂತೆ ಅವರು ದಾರಿ ತೋರಿಸುತ್ತಾರೆ. ಕೈ ಎತ್ತಿ ಏನನ್ನೋ ತೋರಿಸಿದರೆ ನೀವೇ ಅರ್ಥ ಹಚ್ಚಬೇಡಿ, ಬಾಗಿ ಕೇಳಿ. ಪರದೆ ಎಳೆಯುವ ಮುಂಚೆ ಕೇಳಿ.