ಯೂಮಾ ಚಾನೆಲ್ಲಿನ ಹವಾಮಾನದ ಹುಡುಗಿ

ಚಳಿಗಾಲ ಬಂತೆಂದರೆ ಟ್ರೇಲರ್ ಮನೆ ಎಳೆದುಕೊಂಡು ಅರಿಜೋನಾದ ಈ ಮರಳುಗಾಡಿಗೆ ಬರುವ ಮುದುಕರೆಲ್ಲ ಬಿಸಿಲಿಗೆ ಮೈಯೊಡ್ಡಲು ಬರುತ್ತಾರೆ. ವರ್ಲಿನ್ ಮತ್ತು ಅವನ ಹೆಂಡತಿ ಒಲೀಟಾ ಮಾತ್ರ ಟಿವಿ ನೋಡಲು ಬರುತ್ತಿದ್ದರು. ಹತ್ತಿರದ ಯೂಮಾ ಊರಿನ ಚಾನೆಲ್ಲಿನಲ್ಲಿ ಸಂಜೆ ಆರಕ್ಕೆ ಹವಾಮಾನ ಹೇಳುವವಳು ಅವರ ಮಗಳು ಡೇನಾ. ಅವಳ ಮದುವೆಗೆ ವರ್ಲಿನ್ ಹಟ ಹಿಡಿದು ಹೋಗಿರಲಿಲ್ಲ, ಹೆಂಡತಿಯನ್ನೂ ಕಳಿಸಿರಲಿಲ್ಲ. ಅಂದಿನಿಂದ ಮಗಳು ಫೋನ್ ಎತ್ತುವುದಿಲ್ಲ. ಗಾಳಿಯಲ್ಲಿ ಬರುವ ಚಿತ್ರವನ್ನು ಮಾತ್ರ ಅವಳು ತಡೆಯುವ ಹಾಗಿರಲಿಲ್ಲ.

ಈ ಸಲ ಒಲೀಟಾಳ ಶ್ವಾಸಕೋಶ ಕೈಕೊಟ್ಟಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ. ಹಿಂಬದಿಯ ಹಾಸಿಗೆ ಬಿಟ್ಟು ಏಳುವಂತಿಲ್ಲ. ಬೇಸಿಗೆ ಕಾಣುವುದು ಅನುಮಾನ ಎಂದು ಡಾಕ್ಟರು ಹೇಳಿಯಾಗಿತ್ತು. ಅವಳು ಕೇಳಿದ್ದು ಒಂದೇ, ಮಗಳ ಮುಖ. ಆ ಹಾಳು ಟಿವಿಯೋ, ಬಂದಾಗಿನಿಂದ ಚಿತ್ರ ಬರೀ ಚೂರುಚೂರಾಗಿ ಒಡೆದು ನಿಂತುಬಿಡುತ್ತಿತ್ತು. ಇದೊಂದನ್ನೂ ಮಾಡಿಕೊಡಲಾಗದಿದ್ದರೆ ತಾನು ಇದ್ದೂ ಏನು ಪ್ರಯೋಜನ ಎಂದು ವರ್ಲಿನ್‌ಗೆ ನಾಚಿಕೆಯಾಗುತ್ತಿತ್ತು.

ಅವನು ಮಾಡದ ಕಸರತ್ತಿಲ್ಲ. ಛಾವಣಿಯ ಆಂಟೆನಾವನ್ನು ಒಳಗಿನ ಹಿಡಿಯಿಂದ ಎತ್ತಿದ, ಇಳಿಸಿದ, ಯೂಮಾದ ದಿಕ್ಕಿಗೆ ತಿರುಗಿಸಿದ. ಇನ್ನೊಂದು ಆಂಟೆನಾ ತಂದು ಕಂಬಕ್ಕೆ ಕಟ್ಟಿದ. ಕೊನೆಗೆ ಟ್ರೇಲರನ್ನೇ ದಿಬ್ಬದ ಮೇಲೆ ಎಳೆದು ನಿಲ್ಲಿಸಿದ. ಪಕ್ಕದ ಟ್ರೇಲರಿನ ಬರ್ಲ್ ಮಡಿಸುವ ಕುರ್ಚಿಯಲ್ಲಿ ಕೂತು ಬಿಯರ್ ಹೀರುತ್ತ ಈ ಕುಣಿತ ನೋಡಿ ನೋಡಿ ತಡೆಯಲಾರದೆ ಕೇಳಿದ.

“ಅಲ್ಲಯ್ಯಾ, ಬೂಸ್ಟರ್ ಹಾಕಿದ್ದೀಯೋ ಇಲ್ವೋ?”

ವರ್ಲಿನ್ ಪೆಚ್ಚಾದ. ದಾರಿಯಲ್ಲಿ ಕೇಬಲ್ ಇದ್ದ ಜಾಗದಲ್ಲಿ ತಂಗಿದ್ದಾಗ ಬೀರುವಿನೊಳಗಿದ್ದ, ಆಂಟೆನಾದ ಸಿಗ್ನಲ್ ಹೆಚ್ಚಿಸುವ ಆ ಬೂಸ್ಟರಿನ ಗುಂಡಿಯನ್ನು ತಾನೇ ಆರಿಸಿದ್ದ. ಕೇಬಲ್ಲಿಗೆ ಅದು ಆರಿರಬೇಕು, ಆಂಟೆನಾಕ್ಕೆ ಹತ್ತಿರಬೇಕು. ಟ್ರೇಲರಿನವರು ಮರೆಯುವುದು ಇದನ್ನೇ. ಇನ್ನೇನು ಆಂಟೆನಾನ ತಲೆಗೇ ಕಟ್ಟಿಕೊಳ್ತೀಯ ಅಂದುಕೊಂಡಿದ್ದೆ ಎಂದು ಬರ್ಲ್ ನಕ್ಕೂ ನಕ್ಕೂ ಸುಸ್ತಾದ.

ಗುಂಡಿ ಒತ್ತಿ, ಚಾನೆಲ್‌ಗಳನ್ನು ಮತ್ತೆ ಹುಡುಕಿಸಿದ್ದೇ ತಡ, ಯೂಮಾ ಕನ್ನಡಿಯಂತೆ ಬಂತು. ಆಗಲೇ ಆರು ಗಂಟೆ. ಟಿವಿಯನ್ನು ಹಾಸಿಗೆಯ ಕಡೆ ತಿರುಗಿಸಲು ಕೈ ಚಾಚಿದವನು ಹಾಗೇ ನಿಂತ. ನಕಾಶೆಯ ಮುಂದೆ ಯಾವನೋ ಚಿಗುರುಮೀಸೆಯವನಿದ್ದ. ಡೇನಾ ನಮ್ಮನ್ನು ಬಿಟ್ಟು ಪೂರ್ವ ಕರಾವಳಿಯ ದೊಡ್ಡ ಚಾನೆಲ್ಲಿಗೆ ಹೋಗಿದ್ದಾಳೆ, ಇನ್ನು ಮುಂದೆ ನಾನೇ ಎಂದು ಹಲ್ಲು ಕಿರಿಯುತ್ತಿದ್ದ.  ವರ್ಲಿನ್ ಸರಕ್ಕನೆ ಹಿಡಿ ಹಿಡಿದು ಆಂಟೆನಾವನ್ನು ಗುಡ್ಡದ ಕಡೆ ತಿರುಗಿಸಿದ. ಹುಡುಗನ ಮುಖ ಒಡೆದು ಮಾಯವಾಯಿತು.

“ಬರ್ತಾ ಇಲ್ಲ ಕಣೇ,” ಎಂದ. “ನಾಳೆ ಇನ್ನೂ ಸ್ವಲ್ಪ ಮೇಲಕ್ಕೆ ಕಟ್ತೀನಿ.”

ಒಲೀಟಾ ಮಾತಿಗೆ ಸಾಕಾಗುವಷ್ಟು ಉಸಿರು ಕೂಡಿಸಿಕೊಂಡಳು.

“ಏನೂ ಕಟ್ಟೋದು ಬೇಡ, ಬಿದ್ದುಗಿದ್ದು ಕಾಲು ಮುರ್ಕೋತೀರ,” ಎಂದಳು. “ಆ ಹುಡುಗ ಹೇಳಿದ್ದು ನಂಗೂ ಕೇಳಿಸ್ತು ರೀ.”