ಒಲೆಗೆ ಎರಡು

ಜುಗೂಳದಲ್ಲಿ ಲೆಕ್ಕ ಬಲ್ಲವರು ಯಾರು ಎಂದು ಕೇಳಿದರೆ ಜನ ನನ್ನ ಮನೆಯತ್ತ ಕೈ ತೋರಿಸುತ್ತಾರೆ. ಇದು ಜಂಬವಲ್ಲ. ಸರಿ, ಸ್ವಲ್ಪ ಜಂಬವೇ. ಮೆಟ್ರಿಕ್ಕಿನಲ್ಲಿ ಈ ಧರೆಪ್ಪನಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ಬಂದಿತ್ತು ಎಂಬುದನ್ನು ಊರು ಮರೆಯಲು ನಾನು ಬಿಟ್ಟಿಲ್ಲ. ಹಾಗಾಗಿ ನಮ್ಮ ನೀರಿನ ಸಂಘದಲ್ಲಿ ಓಟು ಹಂಚುವ ಕೆಲಸ ನನ್ನ ಕೊರಳಿಗೇ ಬಿತ್ತು.

ಸಂಘವೆಂದರೆ ದೊಡ್ಡದೇನಲ್ಲ. ಕೃಷ್ಣೆಯ ದಂಡೆಗೆ ಜಾಕವೆಲ್ ಎಂಬ ಪಂಪಿನ ಬಾವಿ ಕಟ್ಟಿ, ಪೈಪು ಹಾಸಿ, ಐದು ವಸ್ತಿಯವರು ಸೇರಿ ನೀರೆತ್ತುತ್ತೇವೆ. ವಸ್ತಿಯೆಂದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರ ಗುಂಪು. ನಮ್ಮ ಹೊಳೆದಂಡಿ ವಸ್ತಿ ಎಲ್ಲಕ್ಕಿಂತ ದೊಡ್ಡದು, ತೊಂಬತ್ತು ಮನೆ, ಎಲ್ಲರೂ ಕಬ್ಬಿನವರು. ಮಡ್ಡಿ ವಸ್ತಿ ಎಲ್ಲಕ್ಕಿಂತ ಸಣ್ಣದು. ಮೇಲಿನ ಕಲ್ಲು ನೆಲದಲ್ಲಿ ಹತ್ತೇ ಮನೆ, ಕುರಿ ಕಾಯುವವರು. ನಡುವಿನ ಮೂರು ವಸ್ತಿಗಳಲ್ಲಿ ಅರವತ್ತು, ಐವತ್ತು, ನಲವತ್ತು ಮನೆಗಳಿವೆ.

2024ರ ದೀಪಾವಳಿಯ ಹೊತ್ತಿಗೆ ಪೈಪಿಗೆ ಇನ್ನೊಂದೇ ಒಂದು ವಾಲ್ವ್ ಕೂಡಿಸಬಹುದು, ಅದರ ಮೇಲೆ ಪಂಪು ಎಳೆಯುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿಹೋದ. ಆ ಕೊನೆಯ ವಾಲ್ವ್ ಎಲ್ಲಿ ಕೂಡಬೇಕು? ಹೊಳೆದಂಡಿಯ ಹೊಸ ಕಬ್ಬಿಗೆ ಬೇಕು ಎಂದು ನಾವು. ಮಡ್ಡಿಗೆ ಬೇಕು ಎಂದು ಅವರು. ಬೇಸಿಗೆಯಲ್ಲಿ ಆ ಹತ್ತು ಮನೆಯ ಹೆಂಗಸರು ಎರಡು ಮೈಲಿ ಏರು ಹತ್ತಿ ನೀರು ಹೊರುತ್ತಿದ್ದರು, ತಮಗೂ ಕುರಿಗಳಿಗೂ. ಹೊಸ ಕಬ್ಬಿನಲ್ಲಿ ನನ್ನದೂ ನಾಲ್ಕು ಎಕರೆ ಇತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಅಲ್ಲಿಯವರೆಗೆ ಸಂಘದಲ್ಲಿ ಗಂಟಲು ದೊಡ್ಡದಿದ್ದವನೇ ಗೆಲ್ಲುತ್ತಿದ್ದ. ಈ ಸಲ ಕೈ ಕೈ ಮಿಲಾಯಿಸುವ ಹಾಗಾಯಿತು. ಆಗ ಒಟ್ಟು ಇಪ್ಪತ್ತೈದು ಓಟು ಇಡೋಣ, ವಸ್ತಿಗಳಿಗೆ ಹಂಚೋಣ ಎಂದಾಯಿತು. ವಸ್ತಿಯದು ಒಂದೇ ಮಾತು ಎಂಬುದು ನಮ್ಮಲ್ಲಿ ಹಳೆಯ ರೂಢಿ. ಹಿರಿಯರು ಕೂತು ಯಾವ ಕಡೆ ಎನ್ನುತ್ತಾರೋ, ವಸ್ತಿಯ ಓಟುಗಳೆಲ್ಲ ಇಡಿಯಾಗಿ ಆ ಕಡೆಗೇ.

ನಾನು ಹತ್ತು ಮನೆಗೊಂದು ಓಟು ಎಂದು ಹಂಚಿದೆ. ಒಂಬತ್ತು, ಆರು, ಐದು, ನಾಲ್ಕು, ಒಂದು. ಶೇಷವೇ ಇಲ್ಲದ ಭಾಗಾಕಾರ! ನೋಡಿ ನೋಡಿ ನನಗೇ ಖುಷಿ. ಮಡ್ಡಿ ವಸ್ತಿಯ ಹಿರಿಯಳು ಹೊಳೆವ್ವ. ಅವಳ ಮಗ ಮಲಕಾರಿ ಬಂದು ಚೀಟಿ ಓದಿಕೊಂಡ. ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸು ಎಂದೆ. ತಪ್ಪಿಲ್ಲ ಎಂದ. ಆಮೇಲೆ, "ಖರೇ ಐತ್ರಿ ಸಾವ್ಕಾರ್ರ. ಆದ್ರ ಇದರಾಗ ನಾವು ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ" ಎಂದು ಹೇಳಿ ಹೋದ.

ಅದೇ ವಾರ ಅಮೇರಿಕಾದ ಅಧ್ಯಕ್ಷರ ಚುನಾವಣೆ. ನನ್ನ ಸೊಸೆ ದೀಪಾಲಿ ನಿಪ್ಪಾಣಿಯವಳು, ಕಾಗವಾಡದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾಳೆ. ಅಂದು ಬೆಳಿಗ್ಗೆ ಟಿವಿಯ ಮುಂದಿಂದ ಏಳಲೊಲ್ಲಳು. ಪರದೆಯ ತುಂಬ ಒಂದು ನಕಾಶೆ, ಒಂದೊಂದೇ ರಾಜ್ಯ ಕೆಂಪಾಗುತ್ತಿತ್ತು, ನೀಲಿಯಾಗುತ್ತಿತ್ತು. ಪ್ರತಿ ರಾಜ್ಯದ ಮೇಲೂ ಒಂದು ಅಂಕಿ. ಅಂಕಿ ಕಂಡರೆ ನಾನು ಬಿಟ್ಟವನಲ್ಲ. ಏನವು ಎಂದು ಕೇಳಿದೆ.

ಅವಳು ಹೇಳಿದಳು. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಐನೂರ ಮೂವತ್ತೆಂಟು ಓಟುಗಳು. ಇನ್ನೂರ ಎಪ್ಪತ್ತು ಸಿಕ್ಕವರು ಗೆದ್ದಂತೆ. ಮೇನ್, ನೆಬ್ರಾಸ್ಕಾ ಎಂಬ ಎರಡನ್ನು ಬಿಟ್ಟು ಉಳಿದ ಕಡೆ, ರಾಜ್ಯದಲ್ಲಿ ಒಂದು ಓಟು ಹೆಚ್ಚು ಬಂದವನಿಗೂ ರಾಜ್ಯದ ಅಷ್ಟೂ ಓಟು. ವಸ್ತಿಯದು ಒಂದೇ ಮಾತು ಎಂದಂತಾಯಿತು ಎಂದು ನಾನು ತಲೆದೂಗಿದೆ. ರಾಜ್ಯಕ್ಕೆ ಕೆಳಮನೆಯಲ್ಲಿ ಎಷ್ಟು ಸ್ಥಾನವೋ ಮೊದಲು ಅಷ್ಟು ಓಟು. ಆ ನಾನೂರ ಮೂವತ್ತೈದು ಸ್ಥಾನಗಳನ್ನು ಹತ್ತು ವರ್ಷಕ್ಕೊಮ್ಮೆ ಜನಗಣತಿ ನೋಡಿ ಹಂಚುತ್ತಾರೆ, ಜನ ಕಡಿಮೆ ಬಿದ್ದರೂ ಒಂದಂತೂ ಖಾಯಂ. ಅದರ ಮೇಲೆ, ಮೇಲ್ಮನೆಯ ಲೆಕ್ಕದಲ್ಲಿ ಪ್ರತಿ ರಾಜ್ಯಕ್ಕೂ ಎರಡು. ರಾಜಧಾನಿಗೆ ಬೇರೆ ಮೂರು.

"ಪ್ರತಿ ರಾಜ್ಯಕ್ಕಂದ್ರ?" ಎಂದೆ.

"ರಾಜ್ಯ ಅಂತ ಇದ್ದದ್ದಕ್ಕ ಎರಡು, ಮಾವಾರ. ಜನಾ ಎಣಸೂದು ಆಮ್ಯಾಲ. ಎಷ್ಟ ಸಣ್ಣದಿದ್ರೂ ಮೂರಕ್ಕ ಕಡಿಮಿ ಇಲ್ಲ."

ಲಗ್ನಪತ್ರಿಕೆಯೊಂದರ ಬೆನ್ನಿಗೆ ಲೆಕ್ಕ ಹಾಕಿದೆ. ವಯೋಮಿಂಗ್ ಎಂಬ ರಾಜ್ಯದಲ್ಲಿ ಆರು ಲಕ್ಷವೂ ಜನರಿಲ್ಲ, ಹೆಚ್ಚುಕಡಿಮೆ ನಮ್ಮ ಹಳೆಯ ಅಥಣಿ ತಾಲೂಕಿನಷ್ಟು. ಅದಕ್ಕೆ ಮೂರು. ನಾಲ್ಕು ಕೋಟಿಯ ಹತ್ತಿರ ಇರುವ ಕ್ಯಾಲಿಫೋರ್ನಿಯಾಕ್ಕೆ ಐವತ್ನಾಲ್ಕು. ಅಲ್ಲಿ ಏಳು ಲಕ್ಷದ ಮೇಲೆ ಜನ ಸೇರಿದರೆ ಒಂದು ಓಟು, ವಯೋಮಿಂಗಿನಲ್ಲಿ ಎರಡು ಲಕ್ಷ ಸಾಕು! ನನಗೆ ಸಿಟ್ಟೇ ಬಂತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದವರಿಗೆ ಭಾಗಾಕಾರ ಬರುವುದಿಲ್ಲವೇ ಎಂದು ಕೂಗಾಡಿದೆ. ಅದಕ್ಕೆ ದೀಪಾಲಿ, ದೇಶದಲ್ಲಿ ಕಡಿಮೆ ಜನರ ಓಟು ಬಿದ್ದವರೂ ಈ ಲೆಕ್ಕದಿಂದ ಅಧ್ಯಕ್ಷರಾದದ್ದುಂಟು, ಅಲ್ಲಿನವರೂ ನಿಮ್ಮ ಹಾಗೆಯೇ ಕೂಗಾಡುತ್ತಾರೆ ಎಂದಳು. ಹಾಗಾದರೆ ಯಾಕೆ ಇಟ್ಟುಕೊಂಡಿದ್ದಾರೆ? ದೇಶ ಕಟ್ಟುವಾಗ ಸಣ್ಣ ರಾಜ್ಯಗಳು ಹಟ ಹಿಡಿದವಂತೆ, ನಮಗೂ ಸಮ ಜಾಗ ಇಲ್ಲದಿದ್ದರೆ ನಾವು ಕೂಡುವುದೇ ಇಲ್ಲ ಎಂದು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಕೆಂಚವ್ವ ತಲೆ ಎತ್ತದೆ ಅಂದಳು: "ಇದು ಹೊಳೆವ್ವಕ್ಕನ ರೊಟ್ಟಿ ಲೆಕ್ಕ ಅಲ್ಲೇನ್ರಿ?"

ನನ್ನ ಕೈಯ ಪೆನ್ನು ಅಲ್ಲೇ ನಿಂತಿತು.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಹೊಳೆದಂಡಿಯವರು ಮಡ್ಡಿಗೆ ಓಡಿದ್ದೆವು. ಎಂಟು ದಿನ ಆ ಹತ್ತು ಮನೆಯವರು ನಮ್ಮನ್ನು ಸಾಕಿದರು. ರೊಟ್ಟಿಯ ಬುಟ್ಟಿ ಹೊಳೆವ್ವನ ಕೈಯಲ್ಲಿ. ಮೊದಲು ಒಲೆಗೆ ಎರಡು ರೊಟ್ಟಿ, ಒಂದು ಸಂಸಾರಕ್ಕೆ ಎರಡು. ಆಮೇಲೆ ಉಳಿದದ್ದು ತಲೆ ಎಣಿಸಿ. ನಮ್ಮ ಒಲೆಗಳೆಲ್ಲ ನೀರಿನ ಅಡಿಯಲ್ಲಿದ್ದವು. ಆದರೂ ಅವಳು ಒಲೆ ಎಂದೇ ಎಣಿಸಿದಳು. ಹದಿನಾಲ್ಕು ಮಂದಿಯ ಮನೆಯ ಸತ್ಯಪ್ಪ ಇದು ಅನ್ಯಾಯ ಎಂದು ಗೊಣಗಿದ್ದ. ಮಗ ಆಗ ಅಥಣಿಯಲ್ಲಿದ್ದ, ನಾವಿಬ್ಬರೇ ಇದ್ದೆವು. ಬರೀ ತಲೆ ಎಣಿಸಿದ್ದರೆ ಗಂಡಹೆಂಡಿರಿಗೆ ಒಂದು ರೊಟ್ಟಿಯೂ ಪೂರ್ತಿ ಸಿಗುತ್ತಿರಲಿಲ್ಲ.

ಐದು ವರ್ಷದ ಹಿಂದೆ ಆ ರೊಟ್ಟಿ ತಿಂದು ಬದುಕಿದವನು ನಾನು. ಆ ಲೆಕ್ಕ ಇವತ್ತು ಏಳು ಸಮುದ್ರದ ಆಚೆಯ ನಕಾಶೆಯಲ್ಲಿ ಮಿಂಚುತ್ತಿದೆ! ಓದುಬರಹ ಇಲ್ಲದ ಮುದುಕಿಯೂ, ದೇಶ ಕಟ್ಟಿದವರೂ ಒಂದೇ ಕಟ್ಟೆಯ ಮೇಲೆ ಕೂತು ಬುಟ್ಟಿ ಹಂಚುತ್ತಿದ್ದಾರೆ ಅನ್ನಿಸಿತು.

ಲಗ್ನಪತ್ರಿಕೆಯ ಅಂಚಿನಲ್ಲಿ ಮತ್ತೆ ಹಂಚಿದೆ. ಐದು ವಸ್ತಿಗೆ ಎರಡೆರಡು, ಹತ್ತು ಹೋಯಿತು. ಉಳಿದ ಹದಿನೈದನ್ನು ಮನೆ ಎಣಿಸಿ ಹಂಚಿದರೆ ಐದೂಚಿಲ್ಲರೆ, ಮೂರೂವರೆ ಮೇಲೆ, ಮೂರು, ಎರಡೂಚಿಲ್ಲರೆ, ಅರ್ಧದ ಮೇಲೆ. ಚಿಲ್ಲರೆಯನ್ನು ಹತ್ತಿರದ ಪೂರ್ಣಕ್ಕೆ ತಂದೆ. ಎರಡೆರಡು ಕೂಡಿಸಿದಾಗ ಬಂದದ್ದು ಏಳು, ಆರು, ಐದು, ನಾಲ್ಕು, ಮೂರು. ನಮ್ಮ ಘಾಟಿನ ಮೆಟ್ಟಿಲುಗಳ ಹಾಗೆ. ಮಡ್ಡಿಗೆ ಮೂರು, ವಯೋಮಿಂಗಿನಷ್ಟೇ. ನಾನು ದೀಪಾಲಿಯನ್ನು ಕರೆದು ಮೂರು ಸಲ ಕೂಡಿಸಲು ಹೇಳಿದೆ. ಮೂರು ಸಲವೂ ಇಪ್ಪತ್ತೈದೇ ಆಯಿತು.

ಸಭೆಯಲ್ಲಿ ನಮ್ಮವರು ಗದ್ದಲ ಎಬ್ಬಿಸಿದರು. ಅಮೇರಿಕಾದಲ್ಲಿ ಇದೇ ನಡೆಯುತ್ತದೆ ಎಂದೆ. ಆ ಹೆಸರು ಕೇಳಿ ಕೆಲವರು ಮೆತ್ತಗಾದರು. ಆಗಲೂ ಏಳು ನಮ್ಮದೇ ಹೆಚ್ಚಲ್ಲವೇ ಎಂದಾಗ ಸತ್ಯಪ್ಪನೂ ಸುಮ್ಮನಾದ. ಅರವತ್ತು ಮನೆಯ ವಸ್ತಿ ಯಾವಾಗಲೂ ನಮ್ಮ ಬೆನ್ನಿಗಿತ್ತು. ಏಳೂ ಆರೂ ಹದಿಮೂರು, ವಾಲ್ವ್ ನಮ್ಮದೇ. ಸುಳ್ಳು ಯಾಕೆ ಹೇಳಲಿ, ಅಷ್ಟು ಲೆಕ್ಕ ಹಾಕಿಯೇ ನಾನು ಧಾರಾಳಿಯಾಗಿದ್ದೆ.

ಓಟಿನ ದಿನ ಅರವತ್ತು ಮನೆಯವರು ಎದ್ದು, ನಮ್ಮ ದನಗಳೂ ಮಡ್ಡಿಯಲ್ಲೇ ಮೇಯುತ್ತವೆ, ನಮ್ಮ ಆರು ಮಡ್ಡಿಗೆ ಎಂದರು. ನಲವತ್ತು ಮನೆಯವರೂ ಅತ್ತ ಹೋದರು. ಐವತ್ತು ಮನೆಯವರು ಮಾತ್ರ ನಮ್ಮ ಕಡೆ ಉಳಿದರು. ನಮ್ಮದು ಏಳೂ ಐದೂ ಹನ್ನೆರಡು. ಅವರದು ಆರೂ ನಾಲ್ಕೂ ಹತ್ತು. ಮಲಕಾರಿ ಎದ್ದು ನಿಂತು ಮೂರು ಬೆರಳು ಎತ್ತಿದ. ಹತ್ತೂ ಮೂರೂ ಹದಿಮೂರು, ವಾಲ್ವ್ ಅವರದು. ನನ್ನ ಮೊದಲ ಚೀಟಿ ಉಳಿದಿದ್ದರೆ ನಾವು ಹದಿನಾಲ್ಕಕ್ಕೆ ಹನ್ನೊಂದರಿಂದ ಗೆದ್ದಿರುತ್ತಿದ್ದೆವು. ನೂರ ನಲವತ್ತು ಮನೆ ಸೋತು ನೂರ ಹತ್ತು ಮನೆ ಗೆದ್ದವು.

ತೊಂಬತ್ತಾರು ತಗೊಂಡವ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ ಎಂದು ಸತ್ಯಪ್ಪ ಊರೆಲ್ಲ ಹೇಳಿಕೊಂಡು ಬಂದ. ಅವನ ಮಾತಿನಲ್ಲಿ ನ್ಯಾಯವಿಲ್ಲ ಎಂದು ನಾನು ಹೇಳಲಾರೆ. ಎರಡು ದಿನ ಊಟ ರುಚಿಸಲಿಲ್ಲ.

ವಾಲ್ವ್ ತೆರೆದ ದಿನ ಮಡ್ಡಿ ಹತ್ತಿದೆ. ಹೋಗಬಾರದು ಎಂದುಕೊಂಡೇ ಹೋದೆ. ಪೈಪು ಮೊದಲು ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ನೀರು ಬಂತು. ಕುರಿಗಳು ಒಂದರ ಮೇಲೊಂದು ಬಿದ್ದು ತೊಟ್ಟಿಗೆ ಬಾಯಿ ಹಾಕಿದವು. ಹೊಳೆವ್ವ ಒಂದು ತಂಬಿಗೆ ತುಂಬಿ ಮೊದಲು ನನಗೆ ಕೊಟ್ಟಳು. ಕುಡಿದೆ. ಮಲಕಾರಿ ಅವಳಿಗೆ ಅಮೇರಿಕಾದ ಕಥೆ ಹೇಳಿದ್ದನಂತೆ. ಅದು ಖರೆಯೇ, ಅಷ್ಟು ದೊಡ್ಡ ದೇಶದಲ್ಲಿಯೂ ಮೊದಲು ಒಲೆಗೆ ಎರಡು ಇಡುತ್ತಾರೆಯೇ ಎಂದು ಕೇಳಿದಳು. ಹೌದು ಎಂದೆ.

ಅವಳು ಕೆಳಗೆ, ದೂರದಲ್ಲಿ ಹರಿಯುತ್ತಿದ್ದ ಕೃಷ್ಣೆಯನ್ನು ನೋಡುತ್ತ ನಿಂತಳು.

"ಹಂಗಾರ ಅವರೂ ಒಮ್ಮೆ ಹೊಳ್ಯಾಗ ಮುಳಗಿರಬೇಕು ಬಿಡ್ರಿ," ಎಂದಳು. "ಇಲ್ಲಾಂದ್ರ ಇದು ತಿಳ್ಯೂದಿಲ್ಲ."

ಖಾಲಿ ತಂಬಿಗೆಯನ್ನು ಪೈಪಿನ ಬಾಯಿಗೆ ಹಿಡಿದು ತುಂಬಿ, ಈ ಸಲ ನಾನು ಅವಳಿಗೆ ಕೊಟ್ಟೆ.