ಹೆಚ್ಚಾದ ಕೊಬ್ಬರಿ

ತೂಕ ಇಳಿಸಲೆಂದು ಬೆಂಗಳೂರಿನಲ್ಲಿ ಕರುಳಿನ ಆಪರೇಷನ್ ಮಾಡಿಸಿಕೊಂಡು ಬಂದ ನೊಣವಿನಕೆರೆಯ ಗಂಗಾಧರಯ್ಯನವರು ವರ್ಷದೊಳಗೆ ಅರ್ಧವಾದರು. ಆ ಸುದ್ದಿ ಅವರ ಮನಸ್ಸಿಗೆ ಮಾತ್ರ ಇನ್ನೂ ತಲುಪಿರಲಿಲ್ಲ. ಬಸ್ಸನ್ನು ಈಗಲೂ ಅಡ್ಡ ತಿರುಗಿಯೇ ಹತ್ತುತ್ತಿದ್ದರು. ಬೆತ್ತದ ಕುರ್ಚಿ ಕೊಟ್ಟರೆ ನಿಂತೇ ಇರುತ್ತಿದ್ದರು. ಹೊಟ್ಟೆಯ ಮೇಲೆ ಜೋತುಬಿದ್ದ ಚರ್ಮ ಯಾರಿಗೂ ಕಾಣಬಾರದೆಂದು ಬಚ್ಚಲಿಗೂ ಅಂಗಿ ತೊಟ್ಟೇ ಹೋಗುತ್ತಿದ್ದರು.

"ಒಳಗೆ ಯಾರನ್ನ ಬಚ್ಚಿಟ್ಟಿದ್ದೀರಿ?" ಎಂದು ಹೆಂಡತಿ ಚಿಕ್ಕಗೌರಮ್ಮ ಕೇಳಿದರೆ, "ನಿನ್ನ ಸವತೀನ ಕಣೇ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇಂಥವರಿಗೆ ಅವರ ತಾಯಿ ಭೈರಮ್ಮ ಹೊತ್ತಿದ್ದ ಹರಕೆ ಎದುರಾಯಿತು. ಮಗ ಆಸ್ಪತ್ರೆಯಿಂದ ಎದ್ದು ಬಂದರೆ ಅವನ ತೂಕದಷ್ಟು ಕೊಬ್ಬರಿಯನ್ನು ಗ್ರಾಮದೇವತೆಗೆ ಒಪ್ಪಿಸುವುದಾಗಿ ಆಕೆ ಬೇಡಿಕೊಂಡಿದ್ದರು. ತುಲಾಭಾರದ ತಕ್ಕಡಿಯಲ್ಲಿ ಗಂಡಸರು ಬರಿಮೈಯಲ್ಲಿ ಕೂರುವುದು ಅಲ್ಲಿಯ ಪದ್ಧತಿ.

"ಶಾಲು ಹೊದ್ಕೋಬಹುದೇನಯ್ಯ?" ಎಂದು ಪೂಜಾರಿ ಮರುಳಪ್ಪನನ್ನು ಗಂಗಾಧರಯ್ಯನವರು ಗುಟ್ಟಾಗಿ ಕೇಳಿದರು.

"ಹೊದ್ಕಳಿ. ಅಮ್ಮ ಶಾಲನ್ನೂ ತೂಗ್ಕಂತಾಳೆ, ಅಷ್ಟೇಯ."

ಮರುಳಪ್ಪನದು ಹಳೆಯ ಕಣ್ಣಂದಾಜು. ಹಿಂದಿನ ಗಂಗಾಧರಯ್ಯನವರನ್ನೇ ನೆನೆದು ಒಂದು ತಟ್ಟೆಗೆ ಮೊದಲೇ ಕೊಬ್ಬರಿ ಪೇರಿಸಿ, ಇನ್ನೊಂದನ್ನು ಇಬ್ಬರ ಕೈಯಲ್ಲಿ ಕೆಳಗೆ ಹಿಡಿಸಿದ್ದ. ಗಂಗಾಧರಯ್ಯನವರು ಅಳುಕುತ್ತ ಕುಳಿತರು. "ಸರಪಳಿ ಗಟ್ಟಿ ಐತೇನಪ್ಪ?"

"ಕೈ ಬುಡ್ರೋ" ಎಂದ ಮರುಳಪ್ಪ.

ತಟ್ಟೆ ಸುಯ್ಯೆಂದು ಮೇಲೇರಿತು. ಎರಡೂ ಕೈ ಸರಪಳಿಗೆ ಹೋದವು, ಶಾಲು ನೆಲಕ್ಕೆ ಬಿತ್ತು. ಮಡಿಕೆ ಮಡಿಕೆಯಾದ ಚರ್ಮ, ನಡುವೆ ಹೊಲಿಗೆಯ ಉದ್ದನೆಯ ಗೆರೆ ಎಲ್ಲವೂ ಊರಿನೆದುರು ತೂಗಾಡಿದವು. ಅವರು ಕಣ್ಣು ಮುಚ್ಚಿಕೊಂಡು ನಗೆಗಾಗಿ ಕಾದರು. ಜನ ನಕ್ಕದ್ದೇನೋ ನಿಜ, ಆದರೆ ಮರುಳಪ್ಪನನ್ನು ನೋಡಿ.

"ನಿನ್ನ ಅಂದಾಜಿಗೆ ಬೆಂಕಿ ಹಾಕ! ನನ್ ಮಗನ್ನ ಗಾಳಿಪಟ ಮಾಡ್ಬುಟ್ಯಲ್ಲೋ!" ಎಂದು ಭೈರಮ್ಮ ರೇಗಿದರು.

ಮರುಳಪ್ಪ ಕೊಬ್ಬರಿಯನ್ನು ತೆಗೆತೆಗೆದು ನೆಲಕ್ಕೆ ಸುರಿದ. ಗಂಗಾಧರಯ್ಯನವರು ಒಂದೊಂದೇ ಗೇಣು ಇಳಿದರು. ಮುಳ್ಳು ನೆಟ್ಟಗಾದಾಗ ಪಕ್ಕದ ರಾಶಿ ಮೊಣಕಾಲೆತ್ತರವಾಗಿತ್ತು. ಅದನ್ನು ನೋಡಿ ಅವರು ಹೆಂಡತಿಯ ಕಡೆ ತಿರುಗಿದರು.

"ಇಷ್ಟೂ ನಾನೇ ಆಗಿದ್ನೇನೇ?"

"ಹೂಂ ಕಣ್ರೀ. ಅಷ್ಟನ್ನೂ ಹೊತ್ಕೊಂಡು ತೋಟ ಸುತ್ತಿ ಬಂದು ನನ್ ಮೇಲೆ ರೇಗ್ತಿದ್ರಿ" ಎಂದಳು ಚಿಕ್ಕಗೌರಮ್ಮ.

ಅವರು ಹೊಟ್ಟೆಯ ಮೇಲೆ ಕೈಯಾಡಿಸಿದರು. "ಚೀಲ ಬರಿದಾದ್ರೆ ಮಡಿಕೆ ಬೀಳ್ದೆ ಇನ್ನೇನು" ಎಂದು ತಮಗೇ ಹೇಳಿಕೊಂಡರು.

ಭೈರಮ್ಮನಿಗೆ ಬೇರೆಯದೇ ಚಿಂತೆ. "ಹರಕೆ ಹೊತ್ತಾಗ ನೀನು ಅಷ್ಟಿದ್ಯಲ್ಲಪ್ಪ. ಆ ರಾಶೀನೂ ಅಮ್ಮನದೇ ಆಗಬೇಕಲ್ವಾ?"

"ಕೊಟ್ಬುಡವ್ವ" ಎಂದು ಗಂಗಾಧರಯ್ಯನವರು ತಟ್ಟೆಯಿಂದಿಳಿದರು. "ಅವ್ಳೇ ಇಟ್ಕಳ್ಳಿ. ನಾನಂತೂ ವಾಪಸ್ ಕೇಳೋಕಿಲ್ಲ."